ಚಕ್ರಕ್ಕೆ ಕೊಟ್ಟ ಕಲ್ಲು

ಮೂಡಿಗೆರೆ ದೊಡ್ಡಮ್ಮನಿಗೆ ಉಬ್ಬಸ. ಚಳಿ ಶುರುವಾಗಿ ಕಾಫಿ ಕೊಯ್ಲು ಬಂತೆಂದರೆ ಎಷ್ಟೋ ರಾತ್ರಿ ಕೂತೇ ಕಳೆಯುತ್ತಾರೆ. ಡಾಕ್ಟರ್ ಎರಡು ಇನ್‌ಹೇಲರ್ ಕೊಟ್ಟಿದ್ದಾರೆ: ಒಂದು ಸಾಲ್ಬುಟಮಾಲ್, ಇನ್ನೊಂದು ದಿನಾ ತಪ್ಪದೆ ತಗೋಬೇಕಾದ ಬುಡೆಸೊನೈಡ್. ಹೋದ ವಾರ ಹಾಸನದಿಂದ ಹೋಗಿ ನೋಡಿದರೆ ಎರಡನೆಯದು ಕಿಟಕಿ ಮೇಲೆ ಧೂಳು ಹಿಡಿದು ಕೂತಿದೆ. "ಮೂರು ದಿನ ಎಳೆದೆ, ಎಂತದೂ ಆಗ್ಲಿಲ್ಲ ಮಾರಾಯ. ಆ ಇನ್ನೊಂದು ನೋಡು, ಎಳೆದ ಕೂಡ್ಲೆ ಎದೆ ಹಗುರ."

ನಾನು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವವನು, ಸುಮ್ನೆ ಇರೋಕಾಗುತ್ತಾ?

ಸಾಲ್ಬುಟಮಾಲ್ ಕೆಲಸ ಮಾಡುವುದು ಜೀವಕೋಶದ ಹೊರಮೈಯಲ್ಲಿ. ಶ್ವಾಸನಾಳದ ಸ್ನಾಯು ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ, ಅಷ್ಟೇ ಕಥೆ. ಬುಡೆಸೊನೈಡ್ ಹಾಗಲ್ಲ, ಅದು ಜೀವಕೋಶದ ಒಳಗೇ ಹೋಗಿ ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಇದು ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಅಂದರೆ ಯಾವ ಜೀನ್ ಓದಬೇಕು, ಯಾವುದು ಬೇಡ ಎಂದು ಡಿಎನ್‌ಎ ಮೇಲೆ ಕೂತು ಹೇಳುವ ಪ್ರೋಟೀನ್. 777 ಅಮೈನೋ ಆಮ್ಲಗಳ ಸರ, ಮುಖ್ಯವಾಗಿ ಮೂರು ಡೊಮೇನ್, ಅಂದರೆ ಬೇರೆ ಬೇರೆ ಕೆಲಸದ ಮೂರು ಭಾಗ. ಮುಂದಿನ ತುದಿಯದು ಜೀನ್ ಓದುವ ಯಂತ್ರವನ್ನು ಕರೆಯುತ್ತದೆ. ನಡುವಿನದು ಸತುವಿನ ಸುತ್ತ ಮಡಿಚಿಕೊಂಡ, ಬೆರಳಿನಂಥ ಎರಡು ಜಿಂಕ್ ಫಿಂಗರ್‌ಗಳಿಂದ ಡಿಎನ್‌ಎ ಹಿಡಿಯುತ್ತದೆ. ಹಿಂದಿನ ತುದಿಗೆ ಹಾರ್ಮೋನ್ ಅಂಟುತ್ತದೆ: ದೇಹದ್ದೇ ಸ್ಟೆರಾಯ್ಡ್ ಹಾರ್ಮೋನ್ ಕಾರ್ಟಿಸೋಲ್, ಇಲ್ಲವೇ ಅದರಂತೆಯೇ ಕೆಲಸ ಮಾಡುವ ಬುಡೆಸೊನೈಡ್.

ಹಿಂದಿನ ತುದಿ ಅಂದರೆ ಕೀಲಿ ಹಾಕುವ ಜಾಗ, ಹಾರ್ಮೋನ್ ಬಂದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ ಅಂತ ನಾನೂ ಬಹಳ ವರ್ಷ ಪಾಠ ಮಾಡಿದೆ. ಅದು ತಪ್ಪು ಚಿತ್ರ. 1987ರಲ್ಲೇ ಆ ತುದಿಯನ್ನು ಕತ್ತರಿಸಿ ತೆಗೆದು ನೋಡಿದ್ದರು. ಕೀಲಿ ಜಾಗವೇ ಇಲ್ಲದ ಮೇಲೆ ಗಾಡಿ ನಿಂತೇ ಇರಬೇಕು ಅಲ್ವಾ? ಉಳಿದ ಪ್ರೋಟೀನ್ ಹಾರ್ಮೋನ್ ಇಲ್ಲದೆಯೇ ಜೀನ್‌ಗಳನ್ನು ಆನ್ ಮಾಡುತ್ತಿತ್ತು!

ದೊಡ್ಡಮ್ಮನ ಮನೆ ಮುಂದಿನ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಸತ್ತ ಜೀಪು ನಿಂತಿರುತ್ತದೆ, ಚಕ್ರಕ್ಕೆ ಕಲ್ಲು ಕೊಟ್ಟು. ಹೊರಡಬೇಕಾದರೆ ಕಲ್ಲು ತೆಗೆದರೆ ಸಾಕು. ಹಾರ್ಮೋನ್ ಹಿಡಿಯುವ ಡೊಮೇನ್ ಅಂಥ ಕಲ್ಲು. ಹಾರ್ಮೋನ್ ಇಲ್ಲದಾಗ ಹೆಚ್‌ಎಸ್‌ಪಿ90 ಮತ್ತು ಅದರ ಸಂಗಡಿಗ ಪ್ರೋಟೀನ್‌ಗಳು ಈ ಡೊಮೇನ್ ಹಿಡಿದು ಇಡೀ ರಿಸೆಪ್ಟರನ್ನು ನ್ಯೂಕ್ಲಿಯಸ್ಸಿನ ಹೊರಗೇ ಕೂರಿಸಿರುತ್ತವೆ. ಹಾರ್ಮೋನ್ ಬಂದಾಗ ಡೊಮೇನಿನ ಆಕಾರ ಬದಲಾಗುತ್ತದೆ, ರಿಸೆಪ್ಟರ್ ಒಳಗೆ ಹೋಗುತ್ತದೆ. (ಹೋಲಿಕೆ ಪೂರ್ತಿ ಸರಿಯಲ್ಲ. ಈ ಕಲ್ಲು ಜೀಪಿನ ಜೊತೆಗೇ ಹೋಗಿ ಹಿಂದಿನಿಂದ ಒಂದು ನೂಕನ್ನೂ ಕೊಡುತ್ತದೆ!)

ನನಗೆ ಇನ್ನೂ ಖುಷಿ ಕೊಟ್ಟದ್ದು 1988ರ ಪ್ರಯೋಗ. ಅದೇ ಡೊಮೇನನ್ನು ಅಡಿನೊವೈರಸ್‌ನ ಇ1ಎ ಎಂಬ, ಸ್ಟೆರಾಯ್ಡಿಗೆ ಯಾವ ಸಂಬಂಧವೂ ಇಲ್ಲದ ಪ್ರೋಟೀನಿಗೆ ಜೋಡಿಸಿದರು. ಅದೂ ಹಾರ್ಮೋನ್ ಬರುವ ತನಕ ಸುಮ್ಮನೆ ಕೂತಿತು. ಕಲ್ಲು ಯಾವ ಚಕ್ರಕ್ಕಾದರೂ ಆಗುತ್ತದೆ. ಇಂದು ಲ್ಯಾಬ್‌ಗಳಲ್ಲಿ ಡಿಎನ್‌ಎ ಕತ್ತರಿಸುವ ಕ್ರೀ ಎಂಬ ಎಂಜೈಮಿಗೆ ಈಸ್ಟ್ರೊಜೆನ್ ರಿಸೆಪ್ಟರಿನ ಇಂಥದೇ ತುದಿಯನ್ನು, ಸ್ವಲ್ಪ ಬದಲಾಯಿಸಿ, ಅಂಟಿಸಿರುತ್ತಾರೆ. ಇಲಿಗೆ ಆ ತುದಿಗೆ ಅಂಟುವ ಟ್ಯಾಮಾಕ್ಸಿಫೆನ್ ಎಂಬ ಔಷಧಿ ಕೊಟ್ಟಾಗ ಮಾತ್ರ ಅದು ಕೆಲಸ ಮಾಡುತ್ತದೆ, ಹಾಗಾಗಿ ಬೇಕಾದ ಜೀನನ್ನು ಬೇಕಾದ ದಿನ ತೆಗೆಯಬಹುದು.

ಇಷ್ಟನ್ನೂ ದೊಡ್ಡಮ್ಮನಿಗೆ ಹೇಳಲಿಲ್ಲ ಬಿಡಿ. ಜೀಪಿನ ಕಥೆ ಮಾತ್ರ ಹೇಳಿದೆ.

"ಒಂದು ಕಲ್ಲು ತೆಗೆಯೋಕೆ ಇಷ್ಟು ದಿನ ಬೇಕಾ ನಿನ್ನ ಔಷಧಿಗೆ?"

ಒಳ್ಳೆ ಪ್ರಶ್ನೆ. ಕಲ್ಲು ನಿಮಿಷಗಳಲ್ಲೇ ಹೋಗುತ್ತದೆ. ಆಮೇಲೆ ಉರಿಯೂತ ಎಬ್ಬಿಸುವ ಜೀನ್‌ಗಳು ತಣ್ಣಗಾಗಬೇಕು, ಹೊಸ ಪ್ರೋಟೀನ್ ತಯಾರಾಗಬೇಕು, ಊದಿಕೊಂಡ ನಾಳ ಇಳಿಯಬೇಕು. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಮೂರು ದಿನಕ್ಕೆ ಬಿಟ್ಟರೆ ಹೇಗೆ?

"ಮತ್ತೆ ಎಳೆದ ಮೇಲೆ ಬಾಯಿ ಮುಕ್ಕಳಿಸು ಅಂತಾರಲ್ಲ, ಅದ್ಯಾಕೆ?"

ಈ ರಿಸೆಪ್ಟರ್ ಶ್ವಾಸಕೋಶದಲ್ಲಷ್ಟೇ ಅಲ್ಲ, ಹೆಚ್ಚೂ ಕಡಿಮೆ ಎಲ್ಲ ಜೀವಕೋಶಗಳಲ್ಲೂ ಇದೆ. ಬಾಯಲ್ಲಿ ಉಳಿದ ಔಷಧಿ ಅಲ್ಲೂ ಕಲ್ಲು ತೆಗೆಯುತ್ತದೆ, ಅಲ್ಲಿನ ಕಾವಲು ಸಡಿಲವಾಗಿ ನಾಲಿಗೆ ಮೇಲೆ ಬಿಳಿ ಬೂಷ್ಟು ಬೆಳೆಯುತ್ತದೆ. ಹಾಗಂದೆ. ಇನ್‌ಹೇಲರ್ ಒರೆಸಿ ತಂದುಕೊಟ್ಟೆ, ಒಂದು ಲೋಟ ನೀರೂ ಜೊತೆಗೆ.