ಬಚ್ಚಲುಮನೆಯ ಕಪಾಟು, ಗುಜರಿಯವನ ತಕ್ಕಡಿ

ಕಲಬುರಗಿ
ಭಾನುವಾರ, 2 ಮಾರ್ಚ್ 2025

ಇಂದು ಬಚ್ಚಲುಮನೆಯ ಕಪಾಟನ್ನು ಖಾಲಿ ಮಾಡಿ, ಅದರಲ್ಲಿದ್ದ ಹಳೆಯ ಪ್ಲಾಸ್ಟಿಕ್ ಸಾಮಾನನ್ನೆಲ್ಲ ಓಣಿಗೆ ಬಂದ ಗುಜರಿಯವನ ಮುಂದೆ ಸುರಿದೆ. ಶಾಂಪೂ ಬಾಟಲಿ, ಕೊಬ್ಬರಿ ಎಣ್ಣೆಯ ಡಬ್ಬಿ, ಪೌಡರಿನ ಡಬ್ಬಿಗಳನ್ನು ಅವನು ತಕ್ಕಡಿಗೆ ಹಾಕಿಕೊಂಡ. ಶಾಂಪೂ ಪಾಕೀಟುಗಳು, ಪೇಸ್ಟಿನ ಟ್ಯೂಬು, ಸವೆದ ಬ್ರಷ್ಷುಗಳು, ಬಳಸಿ ಎಸೆಯುವ ರೇಜರು, ಹ್ಯಾಂಡ್‌ವಾಷ್ ಬಾಟಲಿಯ ಪಂಪು ಇವನ್ನೆಲ್ಲ ಬದಿಗೆ ಸರಿಸಿ, “ಇವು ನಡ್ಯಂಗಿಲ್ರಿ ಅಕ್ಕೋರೆ” ಎಂದುಬಿಟ್ಟ. ಪ್ಲಾಸ್ಟಿಕ್ ಕಡಿಮೆ ಮಾಡಲು ಹೊರಟವರ ಕಣ್ಣು ಮೊದಲು ದೊಡ್ಡ ಬಾಟಲಿಯ ಮೇಲೆ ಬೀಳುತ್ತದೆ. ಆದರೆ ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಿದ, ತಳದಲ್ಲಿ ಪ್ಲಾಸ್ಟಿಕ್ಕಿನ ಬಗೆ ತಿಳಿಸುವ 1, 2 ಅಥವಾ 5 ಎಂಬ ಅಂಕಿಯಿರುವ ಆ ಬಾಟಲಿಗೆ ಅಷ್ಟಿಷ್ಟಾದರೂ ಬೆಲೆಯಿದೆ, ಅದನ್ನು ಕರಗಿಸಿ ಮತ್ತೇನನ್ನೋ ಮಾಡುವವರಿದ್ದಾರೆ. ನಾವು ಕೈ ಹಚ್ಚಬೇಕಾದದ್ದು ಅವನು ಬೇಡವೆಂದ ರಾಶಿಗೆ ಎಂದು ನನ್ನ ತಿಳಿವಳಿಕೆ.

ಆ ರಾಶಿಯಲ್ಲಿ ಸಂಖ್ಯೆಯಲ್ಲಿ ಹೆಚ್ಚು, ತೂಕದಲ್ಲಿ ಏನೂ ಇಲ್ಲದ್ದು ಶಾಂಪೂ ಪಾಕೀಟು. ಹೊರಗೆ ಮುದ್ರಣದ ಪದರ, ನಡುವೆ ಲೋಹದ ಲೇಪ, ಒಳಗೆ ಬೆಸುಗೆಗೆ ಬೇಕಾದ ಪಾಲಿಥಿನ್, ಹೀಗೆ ಒಂದಕ್ಕೊಂದು ಅಂಟಿಸಿದ ಪದರಗಳನ್ನು ಬಿಡಿಸುವ ಖರ್ಚು ಅವುಗಳಿಂದ ಬರುವ ಹಣಕ್ಕಿಂತ ಹೆಚ್ಚಾಗುವುದರಿಂದ ಅದನ್ನು ಯಾರೂ ಆರಿಸುವುದಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಪಾಕೀಟಿನಲ್ಲಿ ಮಾರುವುದನ್ನು ನಿಷೇಧಿಸಿದವು. 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಕಿವಿಗೆ ಹಾಕುವ ಬಡ್ಸ್‌ನ ಪ್ಲಾಸ್ಟಿಕ್ ಕಡ್ಡಿಯೂ ಸೇರಿತು. ಶಾಂಪೂ ಪಾಕೀಟು ಮಾತ್ರ ಎರಡರಿಂದಲೂ ಪಾರಾಗಿ, ಇಂದಿಗೂ ಕಿರಾಣಿ ಅಂಗಡಿಯ ಬಾಗಿಲಲ್ಲಿ ಮಾಲೆಯಾಗಿ ತೂಗುತ್ತಿದೆ.

ಇದಕ್ಕೆ ಬಡವರನ್ನು ದೂರುವ ರೂಢಿಯೊಂದಿದೆ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆಯನ್ನು ಕೇಳಿದರೆ, “ಒಂದ್ ರೂಪಾಯಿದು ಹರದ್ರ ತಲಿ ಆಗ್ತದರಿ, ಬಾಟ್ಲಿಗಿ ಒಮ್ಮಿಗೇ ನೂರ್ ರೂಪಾಯಿ ಎಲ್ಲಿಂದ ತರ್ಬೇಕು?” ಎಂದಳು. ಅವಳ ಲೆಕ್ಕ ಸರಿಯಾಗಿಯೇ ಇದೆ. ಅಂಗಡಿಯಲ್ಲಿ ಬೆಲೆಯನ್ನೂ ಅಳತೆಯನ್ನೂ ಓದಿ ಭಾಗಿಸಿ ನೋಡಿದರೆ, ಹಲವು ಶಾಂಪೂಗಳಲ್ಲಿ ಮಿಲಿಲೀಟರಿಗೆ ಬೀಳುವ ದರ ಪಾಕೀಟಿನಲ್ಲಿಯೇ ಕಡಿಮೆ. ಹೀಗಿರುವಾಗ ದೊಡ್ಡದನ್ನು ಕೊಂಡರೆ ಉಳಿತಾಯವೆಂದು ಅವಳಿಗೆ ಉಪದೇಶ ಮಾಡುವುದು ಸುಳ್ಳು ಹೇಳಿದಂತೆ. ಸಂಬಳದವರಾದ ನಾವು, ಬರಿಯ ಅನುಕೂಲಕ್ಕಾಗಿ ಊರಿಗೆ ಹೋಗುವಾಗಲೆಲ್ಲ ಚೀಲಕ್ಕೆ ತುರುಕಿಕೊಳ್ಳುವ ಪಾಕೀಟುಗಳನ್ನು ಬಿಡಬಹುದು. ಕೊಂಡದ್ದಾದರೆ ಮೂಲೆಯನ್ನು ಪೂರ್ತಿ ಕತ್ತರಿಸದೆ, ತೊಳೆದು ಒಣ ಕಸದ ಚೀಲಕ್ಕೆ ಹಾಕಬೇಕು, ಏಕೆಂದರೆ ಮರುಬಳಕೆಯಾಗದ ಇಂಥ ಪ್ಲಾಸ್ಟಿಕ್ಕನ್ನು ಸಿಮೆಂಟ್ ಗೂಡುಗಳಲ್ಲಿ ಕಲ್ಲಿದ್ದಲಿನ ಜೊತೆ ಉರುವಲಾಗಿ ಬಳಸಲು ನಿಯಮಗಳಲ್ಲಿ ಅವಕಾಶವಿದೆ. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು. ಆದರೆ ನಾಲೆಯ ಕೆಸರಿನಲ್ಲಿ ಸಿಕ್ಕಿಕೊಂಡ ಪಾಕೀಟು ಯಾವ ಗೂಡಿಗೂ ತಲುಪುವುದಿಲ್ಲ.

ಪಾಕೀಟಿನ ಬದಲು ಏನೆಂಬ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ನಮ್ಮ ನೀರು. ಬೋರಿನ ಗಡಸು ನೀರಿನಲ್ಲಿ ಸಾಬೂನಿನ ಕೊಬ್ಬಿನಾಮ್ಲವು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿಯಾಗಿ ಕೂರುವುದೂ, ಕೂದಲನ್ನು ಮೇಣ ಹಚ್ಚಿದಂತೆ ಮಾಡುವುದೂ ಅದೇ. ಆದ್ದರಿಂದ ಕಾಗದದ ಡಬ್ಬಿಯಲ್ಲಿ ಬರುವ ಶಾಂಪೂ ಬಾರ್ ಕೊಳ್ಳುವವರು ಅದು ಸಾಬೂನಿನಂತೆ ಎಣ್ಣೆ ಮತ್ತು ಕ್ಷಾರದಿಂದ ಮಾಡಿದ್ದೋ, ಬೇರೆ ಮಾರ್ಜಕದಿಂದ ಮಾಡಿದ್ದೋ ಎಂದು ನೋಡಿಕೊಳ್ಳಬೇಕು, ಏಕೆಂದರೆ ಮೊದಲನೆಯದು ಬೆಂಗಳೂರಿನ ಕಾವೇರಿ ನೀರಿಗೆ ಒಗ್ಗಿದಂತೆ ಇಲ್ಲಿಯ ಬೋರಿನ ನೀರಿಗೆ ಒಗ್ಗುವುದಿಲ್ಲ. ಸೀಗೆಕಾಯಿ, ಅಂಟವಾಳಗಳಿಗೆ ಈ ತೊಂದರೆಯಿಲ್ಲ. ಅವುಗಳ ನೊರೆ ಸಪೋನಿನ್ ಎಂಬ ವಸ್ತುವಿನದು, ಅದು ಗಡಸು ನೀರಿನಲ್ಲಿ ಸಾಬೂನಿನಂತೆ ಜಿಡ್ಡುಗಟ್ಟುವುದಿಲ್ಲ. ಬಿಡಿಯಾಗಿ ಕೊಂಡರೆ ಬಟ್ಟೆಯ ಚೀಲ ಸಾಕು. ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ, ಕಿವುಚಿ, ಸೋಸುವ ಕೆಲಸವಿದೆ, ಕಣ್ಣಿಗೆ ಬಿದ್ದರೆ ಉರಿಯೂ ಇದೆ. ಹಾಗಾಗಿ ನಾನು ಭಾನುವಾರಕ್ಕೆ ಸೀಗೆಕಾಯಿಯನ್ನೂ ವಾರದ ನಡುವಿಗೆ ಬಾರನ್ನೂ ಇಟ್ಟುಕೊಂಡಿದ್ದೇನೆ. ಬಾರಿನ ಅಡಿಯಲ್ಲಿ ನೀರು ನಿಲ್ಲದಂತೆ ತೂತಿನ ಬಟ್ಟಲು ಬೇಕು, ಇಲ್ಲದಿದ್ದರೆ ಅರ್ಧ ಕರಗಿ ಹೋಗುತ್ತದೆ.

ಮೈಗೆ ಮತ್ತು ಕೈಗೆ ಹೆಚ್ಚು ಯೋಚಿಸಬೇಕಿಲ್ಲ. ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸಾಬೂನು ಕಾಗದದ ಡಬ್ಬಿಯಲ್ಲಿಯೇ ಹೆಸರು ಮಾಡಿತು. ಬಹುಪಾಲು ನೀರೇ ಇರುವ ದ್ರವವನ್ನು ಬಾಟಲಿಗೆ ತುಂಬಿ, ಒಳಗೆ ಲೋಹದ ಸ್ಪ್ರಿಂಗ್ ಇರುವ ಪಂಪು ಕೂರಿಸಿ ಮಾರುವುದು ಅನಗತ್ಯವೆಂದೇ ನನಗೆ ಅನ್ನಿಸುತ್ತದೆ. ಮುಖ ಉಜ್ಜಲು ಕಡಲೆ ಹಿಟ್ಟಿದೆ. ಪ್ಲಾಸ್ಟಿಕ್ ಕಣಗಳ ಸ್ಕ್ರಬ್ಬುಗಳನ್ನು ಅಮೆರಿಕ 2015ರಲ್ಲಿಯೇ ಕಾನೂನು ಮಾಡಿ ತಡೆಯಿತು.

ಹಲ್ಲಿನ ವಿಷಯ ಅಷ್ಟು ಸುಲಭವಲ್ಲ. ಇಂದು ರಂಜಾನಿನ ಮೊದಲ ಉಪವಾಸ, ದರ್ಗಾ ರಸ್ತೆಯ ಕಡೆ ಹಲ್ಲುಜ್ಜುವ ಮಿಸ್ವಾಕ್ ಕಡ್ಡಿಗಳ ಮಾರಾಟ ಜೋರಾಗಿದೆ. ಪಕ್ಕದ ಮನೆಯ ಆಪಾ ವರ್ಷವಿಡೀ ಅದನ್ನೇ ಬಳಸುವವರು. ತುದಿಯ ಸಿಪ್ಪೆ ಕೆರೆದು, ಜಗಿದು ನಾರು ಬಿಡಿಸಿ, ಸವೆದ ನಾರನ್ನು ಆಗಾಗ ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಬೇಕೆಂದು ತೋರಿಸಿಕೊಟ್ಟರು. ಪ್ಲಾಸ್ಟಿಕ್ಕಿನ ಒಂದು ಎಳೆಯೂ ಅದರಲ್ಲಿಲ್ಲ. ಬಿದಿರಿನ ಬ್ರಷ್ಷಿನ ಬಗ್ಗೆ ಹಾಗೆ ಹೇಳಲಾಗದು: ಹಿಡಿಕೆ ಬಿದಿರಿನದಾದರೂ ಎಳೆಗಳು ಸಾಮಾನ್ಯವಾಗಿ 1938ರಿಂದ ಬಳಕೆಯಲ್ಲಿರುವ ನೈಲಾನಿನವೇ, ಗೊಬ್ಬರದ ಗುಂಡಿಗೆ ಹಾಕುವ ಮೊದಲು ಇಕ್ಕಳದಿಂದ ಕಿತ್ತುಹಾಕಬೇಕು. ಫ್ಲೋರೈಡ್ ಪೇಸ್ಟನ್ನು ಮಾತ್ರ ನಾನು ಬಿಡುವುದಿಲ್ಲ. ಹುಳುಕು ತಡೆಯುವ ಗುಣ ಅದಕ್ಕಿದೆ, ಹಲ್ಲು ಕಳೆದುಕೊಂಡು ಟ್ಯೂಬು ಉಳಿಸುವುದರಲ್ಲಿ ಅರ್ಥವಿಲ್ಲ.

ಗಡ್ಡದ ವಿಷಯ ಮಾವನವರ ಕಾಲದಲ್ಲಿಯೇ ಬಗೆಹರಿದಿತ್ತು. ಅವರ ಹಳೆಯ ಸ್ಟೀಲ್ ರೇಜರನ್ನು ಯಜಮಾನರು ಮತ್ತೆ ಬಳಸುತ್ತಿದ್ದಾರೆ, ಎಸೆಯಬೇಕಾದದ್ದು ತೆಳುವಾದ ಬ್ಲೇಡು ಮಾತ್ರ. ಹಳೆಯ ಬ್ಲೇಡುಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತೇವೆ, ಕಸ ಎತ್ತುವವರ ಕೈ ಕೊಯ್ಯಬಾರದು.

ಉಳಿದದ್ದು ಸ್ಯಾನಿಟರಿ ಪ್ಯಾಡು. ಅದರ ಹಿಂಬದಿಯ ಹಾಳೆ ಪಾಲಿಥಿನ್, ಒಳಗೆ ದ್ರವ ಹೀರುವ ರಾಸಾಯನಿಕ ಹರಳು. ಬಟ್ಟೆಯ ಪ್ಯಾಡು ಒಣಗಿಸಲು ಕಲಬುರಗಿಯ ಬಿಸಿಲಿಗಿಂತ ಒಳ್ಳೆಯ ಬಿಸಿಲು ಬೇಕಿಲ್ಲ. ಆದರೆ ಅದನ್ನು ಸೀರೆಯ ಮರೆಯಲ್ಲಿ, ಗಾಳಿಯಾಡದ ಮೂಲೆಯಲ್ಲಿ ಒಣಗಿಸುವ ಸಂಕೋಚ ಇನ್ನೂ ಹೋಗಿಲ್ಲ, ತೇವ ಉಳಿದರೆ ಸೋಂಕಿನ ಅಪಾಯವಿದೆ. ಮುಟ್ಟಿನ ದಿನಗಳಲ್ಲಿ ಬಳಸುವ ಸಿಲಿಕೋನ್ ಕಪ್ ಸರಿಯಾಗಿ ನೋಡಿಕೊಂಡರೆ ಹಲವು ವರ್ಷ ಬಾಳುತ್ತದೆ, ಆದರೆ ಅದನ್ನು ಕುದಿಸಲೂ ತೊಳೆಯಲೂ ಶುದ್ಧ ನೀರು ಬೇಕು. ನಮ್ಮ ಬಡಾವಣೆಗೆ ನಳದ ನೀರು ದಿನವೂ ಬರುವುದಿಲ್ಲ, ಹಾಸ್ಟೆಲಿನ ಹುಡುಗಿಯರ ಪಾಡು ಇನ್ನೂ ಕಷ್ಟ. ಆದ್ದರಿಂದ ಈ ಒಂದು ವಸ್ತುವಿನಲ್ಲಿ ಯಾರಿಗೂ ಒತ್ತಾಯ ಸಲ್ಲದೆಂಬುದು ನನ್ನ ಖಚಿತ ಅಭಿಪ್ರಾಯ. ಮಗಳು ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ಈ ಕಪ್ ಬಳಸಿ ನೋಡುವುದಾಗಿ ಹೇಳಿದ್ದಾಳೆ. ಅಲ್ಲಿಯವರೆಗೆ ಅವಳು ಬಳಸಿದ ಪ್ಯಾಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆ ಕಸದೊಂದಿಗೆ ಬೆರೆಸದೆ ಕಸದ ಗಾಡಿಗೆ ಕೊಡುತ್ತಾಳೆ.