ಕತ್ತಿ ಯಾವ ಕೈಯಲ್ಲಿತ್ತು?

“ಕತ್ತಿ ಯಾವ ಕೈಯಾಗಿತ್ತು ತಂಗಿ?”

ಶನಿವಾರ ಸಂಜೆ ಜಗುಲಿಯ ಮೂಲೆಯಿಂದ ಬಂದ ಈ ಪ್ರಶ್ನೆ ಬುಧವಾರವಾದರೂ ಕಿವಿಯಿಂದ ಇಳಿದಿಲ್ಲ. ಸಾಗರ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಮೂರು ದಿನದ ಕಥಾ ಕಮ್ಮಟ. ಬೆಂಗಳೂರಿನಿಂದ ಬಂದಿದ್ದ ಹುಡುಗಿಯೊಬ್ಬಳು ಆಗಷ್ಟೇ ಓದಿ ಮುಗಿಸಿದ್ದಳು. ಅಡಿಕೆ ಸುಲಿತದ ರಾತ್ರಿಯ ಕಥೆ. ಸುಲಿಯುತ್ತ ಕೂತ ಹೆಂಗಸಿಗೆ ತಂಗಿಯ ಮದುವೆ ಮುರಿದ ಸುದ್ದಿಯನ್ನು ಯಾರೋ ಬಂದು ಹೇಳುತ್ತಾರೆ. ಅವಳು ಒಂದು ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು, ಪಕ್ಕದವರಿಗೂ ತಿಳಿಯದ ಹಾಗೆ ಸುಲಿಯುವುದನ್ನು ಮುಂದುವರಿಸುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಕೇಳಿದವರೆಲ್ಲ ತಲೆದೂಗಿದರು. ಆ ರಾತ್ರಿಯ ಸುಲಿತಕ್ಕೆಂದು ಸ್ವಲ್ಪ ಮುಂಚೆಯೇ ಬಂದು ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಮಾತ್ರ ಈ ಪ್ರಶ್ನೆ ಹಾಕಿದರು.

ಹುಡುಗಿ ಹಾಳೆ ನೋಡಿಕೊಂಡು “ಬಲಗೈಯಲ್ಲಿ” ಅಂದಳು.

“ಕತ್ತಿ ಕೈಯಾಗೆ ಹಿಡಿಯದಿಲ್ಲ ತಂಗಿ. ಅದು ಕಾಲಡಿ ಇರ್ತದೆ. ಕೈಯಾಗೆ ಅಡಿಕೆ.”

ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಕಂಡವರಿಗೆ ಇದು ಹೊಸದಲ್ಲ. ಮರದ ಮಣೆಗೆ ಬಾಗಿದ ಅಲಗನ್ನು ನಿಲ್ಲಿಸಿರುತ್ತಾರೆ. ಮಣೆ ಅಲುಗದಂತೆ ಕಾಲಿನಿಂದ ಮೆಟ್ಟಿ ಕೂರುತ್ತಾರೆ. ಕತ್ತಿ ಕಾಯಿಯ ಹತ್ತಿರ ಹೋಗುವುದಿಲ್ಲ, ಕಾಯಿಯೇ ಕತ್ತಿಯ ಹತ್ತಿರ ಬರಬೇಕು. ಹಸಿ ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಿದರೆ ಸಿಪ್ಪೆ ಸೀಳುತ್ತದೆ, ತಿರುಚಿದರೆ ಒಳಗಿನ ಅಡಿಕೆ ಬಿಟ್ಟುಕೊಳ್ಳುತ್ತದೆ. ಪಳಗಿದವರ ಕೈಗೆ ಒಂದು ಕಾಯಿ ಕೆಲವೇ ಕ್ಷಣದ ಕೆಲಸ. ಒತ್ತಡ ಕಡಿಮೆಯಾದರೆ ಸಿಪ್ಪೆ ಬಿಡದು, ಹೆಚ್ಚಾದರೆ ಅಡಿಕೆಗೇ ಗಾಯ. ಅದಕ್ಕೂ ಹೆಚ್ಚಾದರೆ ಹೆಬ್ಬೆರಳು, ಅದಕ್ಕೇ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವವರಿದ್ದಾರೆ. ಕೂಲಿ ಡಬ್ಬದ ಲೆಕ್ಕದಲ್ಲಿ, ಎಷ್ಟು ಡಬ್ಬ ತುಂಬಿತೋ ಅಷ್ಟಕ್ಕೆ ದುಡ್ಡು. ಹಸಿ ಕಾಯಿಯ ಚೊಗರು ಕೈಗೆ ಹತ್ತಿ ಕಪ್ಪಾದರೆ ಸೋಪಿಗೂ ಬೇಗ ಬಿಡುವುದಿಲ್ಲ.

ನಮ್ಮ ಸಂಪನ್ಮೂಲ ವ್ಯಕ್ತಿಗಳಲ್ಲಿ ಒಬ್ಬರು ತಕ್ಷಣ, “ಅದೆಲ್ಲ ವಿವರ ಅಷ್ಟೆ, ತಿದ್ದಿಕೊಳ್ಳಬಹುದು. ಕಥೆಯಲ್ಲಿ ಮುಖ್ಯವಾದದ್ದು ಭಾವ” ಅಂದರು. ಬಹಳ ಓದಿಕೊಂಡವರು, ಹೊಸಬರ ಬಗ್ಗೆ ನಿಜವಾದ ಅಕ್ಕರೆ ಇರುವವರು. ಹುಡುಗಿಗೆ ಮುಜುಗರವಾಗದಿರಲಿ ಎಂದೇ ಆಡಿದ ಮಾತದು. ಆದರೂ ತಪ್ಪು ಮಾತು. ಅಜ್ಜಿ ಕೇಳಿದ್ದು ಕತ್ತಿಯ ವಿಚಾರವನ್ನಾದರೂ ಅದು ನೇರವಾಗಿ ಕಥೆಯ ಬುಡಕ್ಕೇ ಹೋಗಿ ಮುಟ್ಟಿತ್ತು. ಎರಡು ಕೈಗೂ ಕೆಲಸವಿದ್ದರೆ ಆ ಹೆಂಗಸು ಕಣ್ಣೊರೆಸಿಕೊಂಡದ್ದು ಯಾವ ಕೈಯಿಂದ?

ಹುಡುಗಿ ಅದನ್ನೇ ಕೇಳಿದಳು. “ಹಾಗಾದರೆ ಅಳು ಬಂದರೆ ಏನು ಮಾಡ್ತಾರೆ ಅಜ್ಜಿ?”

“ಚೊಗರಿನ ಕೈ ಕಣ್ಣಿಗೆ ಹಚ್ಚಿದ್ರೆ ಉರೀತದೆ. ಅಳೂದಾದ್ರೆ ಎದ್ದು ಹೋಗಬೇಕು.”

ಎದ್ದರೆ ಎಲ್ಲರಿಗೂ ಕಾಣುತ್ತದೆ. ಗುಟ್ಟಾಗಿ ಅಳುವುದಕ್ಕೆ ಆ ಕೆಲಸದಲ್ಲಿ ಜಾಗವೇ ಇಲ್ಲ. ಹುಡುಗಿ ಬರೆದಿದ್ದ ಕೊನೆಯ ಪ್ಯಾರಾ ಅಲ್ಲಿಗೆ ಬಿದ್ದುಹೋಯಿತು. ಅವಳು ಮುಖ ಸಪ್ಪಗೆ ಮಾಡಿಕೊಳ್ಳಲಿಲ್ಲ, ಪೆನ್ನು ತೆಗೆದಳು. ನನಗೆ ಅವಳ ಬಗ್ಗೆ ಗೌರವ ಹುಟ್ಟಿದ್ದು ಆಗ.

ಕಮ್ಮಟ ಹೇಗಿರಬೇಕು ಎಂಬ ಚರ್ಚೆ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಹೆಚ್ಚಿನ ಕಮ್ಮಟಗಳು ಸೋಲುವುದು ಲೆಕ್ಕದಲ್ಲಿ. 1,500 ಪದದ ಕಥೆಯನ್ನು ಸಮಾಧಾನವಾಗಿ ಓದಲು ಸುಮಾರು ಹದಿನೈದು ನಿಮಿಷ ಬೇಕು, ಮಾತುಕತೆಗೆ ಮೂವತ್ತು. ಹದಿನಾಲ್ಕು ಜನರೆಂದರೆ ಹತ್ತೂವರೆ ಗಂಟೆ. ಶುಕ್ರವಾರ ನಾಲ್ಕು ಕಥೆ, ಶನಿವಾರ ಏಳು, ಭಾನುವಾರ ಬೆಳಗ್ಗೆ ಮೂರು ಎಂದು ಹಂಚಿದರೆ ಸರಿಹೋಗುತ್ತದೆ. ಇಪ್ಪತ್ತೈದು ಜನರನ್ನು ಕರೆದರೆ ಹತ್ತೊಂಬತ್ತು ಗಂಟೆಯ ಹತ್ತಿರ ಬೇಕು. ಅಷ್ಟು ಹೊತ್ತನ್ನು ಯಾರೂ ಕೊಡಲಾರರು, ಮಾತುಕತೆ ಐದು ನಿಮಿಷಕ್ಕೆ ಇಳಿಯುತ್ತದೆ, ಐದು ನಿಮಿಷದಲ್ಲಿ “ತುಂಬಾ ಚೆನ್ನಾಗಿದೆ” ಬಿಟ್ಟರೆ ಬೇರೆ ಹೇಳಲಾಗುವುದಿಲ್ಲ. ಉದ್ಘಾಟನೆ, ಸಮಾರೋಪ, ಸನ್ಮಾನಗಳಿಗೆ ಅರ್ಧ ದಿನ ಹೋದರೆ ಇದೂ ಇಲ್ಲ.

ಕಥೆಯ ಪ್ರತಿ ಹಿಂದಿನ ರಾತ್ರಿಯೇ ಎಲ್ಲರ ಕೈ ಸೇರಿರಬೇಕು, ಪಕ್ಕದಲ್ಲಿ ಬರೆದುಕೊಳ್ಳಲು ಅಗಲವಾದ ಅಂಚು ಬಿಟ್ಟು. ಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಹತ್ತಿರ ಇರುವುದಿಲ್ಲ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಆದ್ದರಿಂದ ಊರು ಬಿಡುವ ಮೊದಲೇ ಪ್ರತಿ ಮಾಡಿಸಿಕೊಂಡು ಬರಲು ಹೇಳುವುದು ಒಳ್ಳೆಯದು. ಮಳೆಗಾಲದ ಮಲೆನಾಡು ನೋಡಲು ಚೆಂದ, ಕಮ್ಮಟಕ್ಕೆ ಬೇಡ. ಹೆಂಚಿನ ಮೇಲಿನ ಮಳೆ ಸದ್ದಿಗೆ ಓದುವವರ ದನಿ ಮೂರನೇ ಸಾಲಿಗೂ ಮುಟ್ಟುವುದಿಲ್ಲ.

ಓದಿದ ಮೇಲೆ ಎರಡು ನಿಮಿಷ ಮೌನ. ಆಮೇಲೆ ಪ್ರತಿಯೊಬ್ಬರೂ ಕಥೆಯಲ್ಲಿ ತಮಗೆ ಕಂಡ ಒಂದು ವಸ್ತುವನ್ನೋ ಕೇಳಿದ ಒಂದು ಸದ್ದನ್ನೋ ಹೇಳಬೇಕು, ಅಭಿಪ್ರಾಯ ಬೇಡ. ಯಾರಿಗೂ ಏನೂ ಕಾಣದ ಪುಟಗಳು ಇಲ್ಲೇ ಸಿಕ್ಕಿಬೀಳುತ್ತವೆ. ಬಳಿಕ ಪ್ರಶ್ನೆಗಳು, ಕೊನೆಯಲ್ಲಿ ಅಭಿಪ್ರಾಯ. ಬರೆದವರು ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಬಹುದು, ವಿವರಣೆಗೆ ಇಳಿಯಬಾರದು. ಇಳಿದರೆ ಪುಟದಲ್ಲಿ ಇಲ್ಲದ್ದನ್ನು ಬಾಯಲ್ಲಿ ತುಂಬಿಕೊಡುತ್ತಾರೆ, ಉಳಿದವರು ಕಥೆಯನ್ನು ಬಿಟ್ಟು ಆ ಮಾತನ್ನು ಚರ್ಚಿಸಲು ಶುರುಮಾಡುತ್ತಾರೆ. ನಮ್ಮಲ್ಲಿ ಇನ್ನೊಂದು ಕಾಯಿಲೆ ಇದೆ, ಹತ್ತನೇ ನಿಮಿಷಕ್ಕೆ ಮಾತು ಕಥೆಯಿಂದ ಕಥೆಗಾರನ ಜಾತಿಗೋ ಪಂಥಕ್ಕೋ ಜಾರುವುದು. ಅದನ್ನು ತಡೆಯುವುದೇ ಸಂಪನ್ಮೂಲ ವ್ಯಕ್ತಿಯ ದೊಡ್ಡ ಕೆಲಸ, ಉಪನ್ಯಾಸ ಕೊಡುವುದಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ತಿದ್ದಿ ಬರೆಯಲು ಹೊತ್ತು ಇಡದಿದ್ದರೆ ಎಲ್ಲವೂ ವ್ಯರ್ಥ. ಶನಿವಾರ ರಾತ್ರಿ ಎಂಟರ ಮೇಲೆ, ಭಾನುವಾರ ಬೆಳಗ್ಗೆ ಆರರಿಂದ ಎಂಟು, ಈ ಹೊತ್ತಿನಲ್ಲಿ ಮಾತಿಲ್ಲ, ಫೋನಿಲ್ಲ ಎಂದು ಇಲ್ಲಿ ಮೊದಲೇ ಹೇಳಿದ್ದರು. ಕೇಳಿದ ಮಾತು ಬಿಸಿಯಿರುವಾಗ ಕೈಯಾಡಿಸದಿದ್ದರೆ ಊರಿಗೆ ಹೋದ ಮೇಲೆ ಕಥೆ ಚೀಲದಲ್ಲೇ ಉಳಿಯುತ್ತದೆ.

ಇಷ್ಟನ್ನು ಪೇಟೆಯ ಸಭಾಂಗಣದಲ್ಲೂ ಮಾಡಬಹುದು, ಹಳ್ಳಿಗೆ ಯಾಕೆ ಬರಬೇಕು? ಕರಪತ್ರಗಳಲ್ಲಿ “ಪ್ರಕೃತಿಯ ಮಡಿಲಲ್ಲಿ” ಎಂದು ಅಚ್ಚುಹಾಕಿಸುತ್ತಾರೆ. ಬೆಳಗ್ಗೆ ಎದ್ದು ಮಂಜಿನ ಫೋಟೋ ತೆಗೆಯುವುದಕ್ಕೆ ಕಮ್ಮಟ ಬೇಕಿಲ್ಲ. ಇದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ರಂಗಸಂಸ್ಥೆ ನಮಗೆ ಬೇರೆ ದಾರಿ ತೋರಿಸಿದೆ. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಯುವ ಊರಿನಲ್ಲೇ ಇದ್ದು ಅದನ್ನು ಕಟ್ಟಿದರು. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ಕಂಡ ನಾಟಕ ಮರುದಿನ ಚರ್ಚೆಗೆ ಬರುತ್ತಿತ್ತು, ನಾಟಕ ನೋಡಲು ಕೂತವರಲ್ಲಿ ಸುತ್ತಲಿನ ಊರಿನವರೂ ಇರುತ್ತಿದ್ದರು. ಹಳ್ಳಿ ಅಲ್ಲಿ ಹಿನ್ನೆಲೆಯ ಪರದೆಯಲ್ಲ, ಎದುರು ಕೂತು ನೋಡುವ ಕಣ್ಣು. ನಮ್ಮ ಈಚಿನ ಬಹಳಷ್ಟು ಕಮ್ಮಟಗಳು ಹಳ್ಳಿಗೆ ಬಂದು ಹಳ್ಳಿಯವರನ್ನು ಅಡುಗೆಮನೆಯಲ್ಲೇ ಉಳಿಸಿಬಿಡುತ್ತವೆ. ಆ ಸಂಜೆ ಅಜ್ಜಿ ಜಗುಲಿಯಲ್ಲಿ ಕೂತದ್ದೂ ಯೋಜನೆಯಿಂದಲ್ಲ, ಆಕಸ್ಮಿಕ. ಅವರು ಹತ್ತು ನಿಮಿಷ ತಡವಾಗಿ ಬಂದಿದ್ದರೆ ಆ ಕತ್ತಿ ಬಲಗೈಯಲ್ಲೇ ಇದ್ದು ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಸುಲಿಯುವ ಸಾವಿರಾರು ಕೈಗಳಿರುವ ಜಿಲ್ಲೆಯಲ್ಲಿ ಅವರನ್ನು ಕುರಿತ ಕಥೆಯನ್ನು ಅವರೇ ಓದಿ ‘ಇದು ನಾವಲ್ಲ’ ಎಂದುಕೊಳ್ಳುವಂತಾಗುವುದು ಸಣ್ಣ ತಪ್ಪಲ್ಲ.

ಆ ರಾತ್ರಿ ಉಳಿದವರು ಕೋಣೆಗಳಲ್ಲಿ ಬರೆಯುತ್ತಿದ್ದರು. ಹುಡುಗಿ ಅಂಗಳದ ಚಪ್ಪರದಡಿ ಬಲ್ಬಿನ ಬೆಳಕಿನಲ್ಲಿ ಅಜ್ಜಿಯ ಪಕ್ಕದ ಮಣೆಯ ಮೇಲೆ ಕೂತಳು. ಎರಡು ಗಂಟೆಯಲ್ಲಿ ಅವಳ ಡಬ್ಬದ ತಳ ಮುಚ್ಚುವಷ್ಟೂ ಅಡಿಕೆ ಆಗಲಿಲ್ಲ. ಸುಲಿದದ್ದರಲ್ಲಿ ಅರ್ಧಕ್ಕೆ ಗಾಯ. ಬೆರಳ ತುದಿಗಳು ಮಾತ್ರ ಕಪ್ಪಾದವು.

ಭಾನುವಾರ ಅವಳು ಓದಿದ ಹೊಸ ಪ್ರತಿಯಲ್ಲಿ ಹೆಂಗಸು ಸುದ್ದಿ ಕೇಳಿ ಹಲ್ಲು ಕಚ್ಚಿ ಸುಲಿಯುತ್ತಾಳೆ. ನೀರು ಮೂಗಿನ ತುದಿಗೆ ಇಳಿದರೂ ಒರೆಸುವ ಹಾಗಿಲ್ಲ. ತುಂಬಲು ಒಂದು ಹಿಡಿ ಬಾಕಿ ಇರುವ ಡಬ್ಬವನ್ನು ಬಿಟ್ಟು ಎದ್ದು ಹೋಗುತ್ತಾಳೆ. ಸುಲಿಯುವವರ ಮಾತೆಲ್ಲ ನಿಲ್ಲುತ್ತದೆ, ಸಿಪ್ಪೆ ಸೀಳುವ ಸದ್ದಷ್ಟೇ ಉಳಿಯುತ್ತದೆ. ಭಾವ ಮುಖ್ಯ ಎಂದಿದ್ದವರೇ ಮೊದಲು ಮಾತಾಡಿದರು, “ಮೊದಲಿನದರಲ್ಲಿ ಅವಳ ದುಃಖವನ್ನು ನೀವು ಹೇಳಿದ್ದಿರಿ. ಈಗ ಅದು ನಮಗೇ ಕಂಡಿತು” ಎಂದು. ಆ ಒಂದು ಮಾತಿಗೆ ಅವರ ಮೇಲಿನ ನನ್ನ ತಕರಾರು ಇಳಿಯಿತು.

ಈ ಸಲ ಅಜ್ಜಿಯನ್ನು ಕರೆದೇ ಕೂರಿಸಿದ್ದೆವು. ಎಲೆಯಡಿಕೆಯ ಕವಳ ಮೆಲ್ಲುತ್ತ ಪೂರ್ತಿ ಕೇಳಿದರು. ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

“ಅವಳು ಎದ್ದು ಹೋದ್ಳಲ್ಲ ತಂಗಿ, ಅವಳ ಡಬ್ಬ ತುಂಬಿಸಿದ್ದು ಯಾರು?”

ಮಧ್ಯಾಹ್ನದ ಬಸ್ಸಿಗೆ ಇನ್ನು ನಲವತ್ತು ನಿಮಿಷವಿತ್ತು. ಹುಡುಗಿ ಊಟದ ಎಲೆಗೆ ಬರದೆ ಮತ್ತೆ ಹಾಳೆ ತೆಗೆದುಕೊಂಡು ಕೂತಳು.