ಹಂಡೆಯ ನೀರಿಗೆ ಬಿದ್ದ ಸ್ಪ್ಲಿಂಟ್

"ಬಿಸಿನೀರಲ್ಲಿ ತೊಳ್ದೆ ತಂಗಿ, ಮೀನಿನ ವಾಸನೆ ಹೋಗ್ತಾನೇ ಇರ್ಲಿಲ್ಲ" ಅಂದರು ಕಾರವಾರದ ಬೈತಖೋಲದ ಅಕ್ಕ. ತೊಳೆದದ್ದು ಸ್ಪ್ಲಿಂಟನ್ನು, ಅಂದರೆ ಕೈ ಅಲ್ಲಾಡದಂತೆ ಹಿಡಿಯುವ ಪ್ಲಾಸ್ಟಿಕ್ ಅಚ್ಚನ್ನು. ನೀರು ಬಚ್ಚಲ ಹಂಡೆಯದು. ಆಪರೇಷನ್ ಆಗಿ ಮೂರು ವಾರ. ಬಲಗೈಯ ತೋರುಬೆರಳು, ನಡುಬೆರಳು ಎರಡರಲ್ಲೂ ಬೆರಳು ಮಡಚುವ ಸ್ನಾಯುರಜ್ಜು ಕಡಿದುಹೋಗಿ ಹೊಲಿಗೆ ಹಾಕಿದ್ದರು. ಕೈಯ ಹಿಂಬದಿಗೆ ಕಟ್ಟಿದ ಸ್ಪ್ಲಿಂಟ್ ಬೆರಳ ಬುಡದ ಗೆಣ್ಣುಗಳನ್ನು 60 ಡಿಗ್ರಿ ಬಾಗಿಸಿ ಹಿಡಿದಿರಬೇಕಿತ್ತು. ಕೋನ ಅಳೆಯುವ ಗೋನಿಯೋಮೀಟರ್ ಇಟ್ಟರೆ 35.

ಗಾಯ, ಕಾಯಿಲೆಯಾದವರು ದಿನದ ಕೆಲಸಗಳಿಗೆ ಮರಳಲು ನೆರವಾಗುವ ಚಿಕಿತ್ಸೆ ಆಕ್ಯುಪೇಷನಲ್ ಥೆರಪಿ. ನನ್ನದು ಅದರ ಸ್ನಾತಕೋತ್ತರ ಓದು, ಎಂಓಟಿ, ಎರಡು ವರ್ಷದ್ದು. ಎರಡನೇ ವರ್ಷದ ಪ್ರಬಂಧಕ್ಕೆಂದು ಮನೆ ಭೇಟಿಗೆ ಹೋದ ದಿನವಿದು. ಪ್ರಶ್ನಾವಳಿ ಚೀಲದಲ್ಲೇ ಉಳಿಯಿತು, ಕೈ ಮೊದಲು.

ಸ್ಪ್ಲಿಂಟಿನ ಥರ್ಮೋಪ್ಲಾಸ್ಟಿಕ್ ಹಾಳೆ 65ರಿಂದ 75 ಡಿಗ್ರಿ ನೀರಿನಲ್ಲಿ ಮೆತ್ತಗಾಗುತ್ತದೆ. ಕೆಲವು ಹಾಳೆಗಳಿಗೆ ನೆನಪೂ ಇರುತ್ತದೆ. ಮತ್ತೆ ಕಾದರೆ ಮೊದಲಿನ ಚಪ್ಪಟೆ ರೂಪಕ್ಕೆ ಮರಳಲು ನೋಡುತ್ತವೆ. ಕಾದ ಹಂಡೆನೀರಿಗೆ, ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಗೆ ಅಷ್ಟು ಶಕ್ತಿ ಇದೆ. ನಾವು ಕೊಟ್ಟ ಚೀಟಿಯಲ್ಲಿ "ಸ್ವಚ್ಛವಾಗಿಡಿ" ಎಂದಿತ್ತು, "ತಣ್ಣೀರಲ್ಲಿ ಮಾತ್ರ" ಎಂದಿರಲಿಲ್ಲ. ತಪ್ಪು ಅಕ್ಕನದಲ್ಲ.

ರಜ್ಜು ಹರಿದಿದೆಯೇ ಎಂದು ನೋಡಲು ಬೆರಳು ಜೋರಾಗಿ ಮಡಚಿಸಬಾರದು. ಕೈಗೆ ಆಸರೆ ಕೊಟ್ಟು ಸಡಿಲ ಬಿಡಿಸಿ ನೋಡಿದರೆ ಸಾಕು. ತೋರುಬೆರಳಿನಿಂದ ಕಿರುಬೆರಳಿಗೆ ಹೋಗುತ್ತ ಬಾಗು ಹೆಚ್ಚಬೇಕು. ರಜ್ಜು ಹರಿದ ಬೆರಳು ಸಾಲು ಬಿಟ್ಟು ನೆಟ್ಟಗೆ ಚಾಚಿಕೊಂಡಿರುತ್ತದೆ. ಇಲ್ಲಿ ಸಾಲು ಸರಿಯಿತ್ತು. ಸ್ಪ್ಲಿಂಟಿಗೆ ಮತ್ತೆ ಅಚ್ಚು ಕೊಡಲು ಗೈಡ್‌ಗೆ ಫೋನ್ ಮಾಡಿ ಒಪ್ಪಿಗೆ ಪಡೆದದ್ದು ಅದಾದ ಮೇಲೆ.

ಅಗಲವಾದ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು, ತಳಕ್ಕೊಂದು ಬಟ್ಟೆ. ಬಟ್ಟೆ ಇಲ್ಲದಿದ್ದರೆ ಹಾಳೆ ತಳಕ್ಕೆ ಅಂಟಿ ಹಿಗ್ಗುತ್ತದೆ. ಥರ್ಮಾಮೀಟರ್ 70 ತೋರಿಸಿದಾಗ ಒಲೆ ಸಣ್ಣ. ಸ್ಪ್ಲಿಂಟ್ ಬಿಚ್ಚಿದ ಈ ಹೊತ್ತೇ ಅಪಾಯದ್ದು: ಮಣಿಕಟ್ಟು, ಬೆರಳು ಒಟ್ಟಿಗೆ ನೆಟ್ಟಗಾದರೆ ಎಳೆತವೆಲ್ಲ ಹೊಲಿಗೆಯ ಮೇಲೆ. ಹಾಗಾಗಿ ಸುರುಳಿ ಸುತ್ತಿದ ಟವಲಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ಬೆರಳು ಅಂಚಿನಿಂದಾಚೆ ಬಾಗಿ ಇಳಿಯುವಂತೆ ಅವರ ಮಗಳ ಕೈಯಲ್ಲಿ ಹಿಡಿಸಿದ್ದಾಯಿತು. ಮಣಿಕಟ್ಟಿನ ಕಿರುಬೆರಳ ಬದಿಯ ಎಲುಬಿನ ಗುಬುಟಿನ ಮೇಲೆ ಮೊದಲೇ ಫೋಮ್ ತುಂಡು. ಅದರ ಮೇಲೆ ಅಚ್ಚು ಕೂತರೆ ಎಲುಬಿಗೆ ಜಾಗ ಸಿಗುತ್ತದೆ; ಆಮೇಲೆ ಫೋಮನ್ನು ಸ್ಪ್ಲಿಂಟಿನ ಒಳಗೇ ಅಂಟಿಸುವುದು. ಮೆತ್ತಗಾದ ಹಾಳೆಯ ನೀರನ್ನು ಒರೆಸಿ, ನಮ್ಮ ತೋಳಿಗೆ ತಾಗಿಸಿ ಬಿಸಿ ನೋಡಿಕೊಂಡು, ಅವರ ಕೈಮೇಲೆ. ಹಾಳೆ ತನ್ನ ಭಾರಕ್ಕೇ ಒಪ್ಪವಾಗಿ ಕೂರುತ್ತದೆ. ಬೆರಳಿಂದ ಒತ್ತಿದರೆ ಅಲ್ಲಿ ಕುಳಿ ಬಿದ್ದು, ನಾಳೆ ಅದೇ ಜಾಗದಲ್ಲಿ ಗಾಯ. ಮಣಿಕಟ್ಟು ನೇರ, ಬುಡದ ಗೆಣ್ಣು 60, ಮುಂದಿನವು ನೆಟ್ಟಗೆ. ಕಟ್ಟಿ 20 ನಿಮಿಷ ಬಿಟ್ಟು ಬಿಚ್ಚಿದಾಗ ಮೂಡಿದ್ದ ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲೇ ಮಾಸಿತು. ಚೀಟಿಗೆ ಹೊಸ ಸಾಲುಗಳು: ತಣ್ಣೀರು, ಸೋಪು, ನೆರಳಲ್ಲಿ ಒಣಗಿಸಿ, ಒಳಗಿನ ಬಟ್ಟೆ ದಿನಕ್ಕೆರಡು ಸಲ ಬದಲಿಸಿ, ತೊಳೆಯುವಾಗ ಕೈ ಟವಲಿನ ಮೇಲೆ ಬಾಗಿಯೇ ಇರಲಿ.

ಅಷ್ಟಾದ ಮೇಲೆ ಪ್ರಶ್ನಾವಳಿ. 1991ರಲ್ಲಿ ಕೆನಡಾದಲ್ಲಿ ಹೊರಬಂದ ಸಿಒಪಿಎಂ (ಕೆನೇಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್) ಎಂಬ ಮಾಪನವದು. ಕಷ್ಟವಾಗುವ ಕೆಲಸಗಳಲ್ಲಿ ಮುಖ್ಯವಾದ ಐದರವರೆಗೆ ರೋಗಿಯೇ ಆರಿಸಿ, ಎಷ್ಟು ಮಾಡಲು ಬರುತ್ತದೆ, ಎಷ್ಟು ಸಮಾಧಾನವಿದೆ ಎಂದು 1ರಿಂದ 10ರ ಒಳಗೆ ಅಂಕ ಕೊಡಬೇಕು. ಬರೀ ಅಂಕ ಕೇಳಿದರೆ ಬಹಳ ಜನ 5 ಅನ್ನುತ್ತಾರೆ. ಹತ್ತು ಹುಣಸೆಬೀಜ ಮುಂದಿಟ್ಟು "ಎಷ್ಟು ಎತ್ತಿಡ್ತೀರಿ ಅಕ್ಕಾ?" ಎಂದರೆ ಕೈ ಯೋಚಿಸುತ್ತದೆ.

ಮೊದಲ ಕೆಲಸ ಮೀನು ಕೊಯ್ಯುವುದು. ಕೆಲಸವನ್ನು ಹಂತಹಂತವಾಗಿ ಬಿಡಿಸಿ ನೋಡುವ ಪಠ್ಯದ ಚಟುವಟಿಕೆ ವಿಶ್ಲೇಷಣೆಯಲ್ಲಿ ಒಂದು ಕೈಗೆ ಚಾಕು, ಇನ್ನೊಂದಕ್ಕೆ ಆಧಾರದ ಕೆಲಸ. ಈಳಿಗೆಮಣೆಯಲ್ಲಿ ಅಲಗು ಅಲ್ಲಾಡುವುದಿಲ್ಲ. ಮಣೆಯನ್ನು ಕಾಲು ಒತ್ತಿ ಹಿಡಿದಿರುತ್ತದೆ, ಎರಡೂ ಕೈ ಸೇರಿ ಜಾರುವ ಬಂಗಡೆಯನ್ನು ಅಲಗಿಗೆ ನೂಕಬೇಕು. ಹಿಡಿತವೆಲ್ಲ ಬೆರಳ ತುದಿಯದು, ಅದೂ ಒದ್ದೆ ಕೈಯಲ್ಲಿ. ಆದ್ದರಿಂದ "ಎಡಗೈಯಲ್ಲಿ ಮಾಡಿ" ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ಶಕ್ತಿ ಹಾಕಿ ಹಿಡಿಯುವುದು 12 ವಾರದ ನಂತರವೇ. ಆ ಕೆಲಸ ಅಲ್ಲಿಯವರೆಗೆ ಮಗಳಿಗೆ.

ಮಾಪನದಲ್ಲಿ ಬಿಡುವಿನ ಚಟುವಟಿಕೆ ಎಂಬ ಭಾಗವೂ ಇದೆ. "ಹವ್ಯಾಸ" ಎಂದು ಕೇಳಿದಾಗ ಅಕ್ಕನಿಂದ ಉತ್ತರವಿಲ್ಲ. "ಸಂಜೆ ಕೆಲಸ ಮುಗಿದ ಮೇಲೆ ಎಂತ ಮಾಡ್ತೀರಿ?" ಎಂದದ್ದೇ, "ಅಬ್ಬಲಿಗೆ ಕಟ್ತೆ" ಎಂದರು. ಬಾಳೆನಾರು, ಹಗುರ ಹೂವು, ಹೆಬ್ಬೆರಳಿಗೆ ತೋರುಬೆರಳು, ನಡುಬೆರಳು ಕೂಡುವ ಚಿಮುಟು ಹಿಡಿತ. ಆರನೇ ವಾರ ಸ್ಪ್ಲಿಂಟ್ ಬಿಚ್ಚಿದ ಮೇಲೆ ಮೊದಲು ಕೊಡಬಹುದಾದ ಕೆಲಸ ಅಲ್ಲೇ ಸಿಕ್ಕಿತು. ಅದಕ್ಕೆ ಅವರು ಎತ್ತಿಟ್ಟದ್ದು ಒಂದೇ ಬೀಜ. ಎರಡಂಕ ಏರಿದರೆ ಗಣನೀಯ ಎನ್ನುತ್ತದೆ ಮಾಪನ. ಮುಂದಿನ ಭೇಟಿಗೆ ಮೂರು ಬೀಜ ಬೇಕು.